ಅಯಸ್ಕಾಂತವಿಲ್ಲದ ಶುಕ್ರನಿಗೆ ಕಾಂತದ ಬಾಲ

ನಾವು ಬೆಳ್ಳಿ ಎಂದು ಕರೆಯುವ ಶುಕ್ರಗ್ರಹ ಗಾತ್ರದಲ್ಲಿ ಹೆಚ್ಚುಕಡಿಮೆ ಭೂಮಿಯಷ್ಟೇ ಇದೆ. ಹಾಗಾದರೆ ಅದಕ್ಕೂ ಭೂಮಿಯಂತೆ ಕಾಂತಕ್ಷೇತ್ರ ಇರಬೇಕಲ್ಲವೇ? 1962ರ ಡಿಸೆಂಬರ್ 14ರಂದು ಅಮೆರಿಕದ ಮ್ಯಾರಿನರ್-2 ನೌಕೆ ಶುಕ್ರನಿಂದ ಸುಮಾರು 35,000 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅದರ ಕಾಂತಮಾಪಕಕ್ಕೆ ಗ್ರಹದ ಕ್ಷೇತ್ರದ ಸುಳಿವೇ ಸಿಗಲಿಲ್ಲ. ಆದರೆ ಇದೇ ಯಾನದಲ್ಲಿ ಸೌರಮಾರುತ, ಎಂದರೆ ಸೂರ್ಯನಿಂದ ಎಡೆಬಿಡದೆ ಹೊಮ್ಮುವ ವಿದ್ಯುದಾವಿಷ್ಟ ಕಣಗಳ ಪ್ರವಾಹ, ಖಚಿತವಾಯಿತು. ಅದರ ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರ್!

ಇಂಥ ಮಾರುತ ಕಾಂತಕವಚವಿಲ್ಲದ ಗ್ರಹಕ್ಕೆ ನೇರವಾಗಿ ಬಡಿಯುತ್ತದೆಯೇ? 1967ರ ಅಕ್ಟೋಬರ್ 18ರಂದು ಸೋವಿಯತ್ ಒಕ್ಕೂಟದ ವೆನೆರಾ-4, ಮರುದಿನವೇ ಮ್ಯಾರಿನರ್-5 ಶುಕ್ರನನ್ನು ತಲುಪಿದವು. ಗ್ರಹದ ಸ್ವಂತ ಕ್ಷೇತ್ರ ಭೂಮಿಯದರ ಸಾವಿರದಲ್ಲೊಂದು ಪಾಲೂ ಇಲ್ಲವೆಂದು ತಿಳಿಯಿತು. ಆದರೂ ವೇಗವಾಗಿ ಸಾಗುವ ದೋಣಿಯ ಮುಂದೆ ಅಲೆ ಏಳುವಂತೆ, ಶುಕ್ರನ ಮುಂದೆ ಒಂದು ಆಘಾತ ತರಂಗ ನಿಂತಿತ್ತು. ಯಾವುದೋ ಒಂದು ಮಾರುತವನ್ನು ತಡೆಯುತ್ತಿತ್ತು.

ತಡೆಯುತ್ತಿದ್ದುದು ಶುಕ್ರನ ವಾಯುಮಂಡಲವೇ. ಸೂರ್ಯನ ಅತಿನೇರಳೆ ಕಿರಣಗಳು ಅದರ ಮೇಲ್ಪದರದ ಅಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತು, ಆ ಪದರವನ್ನು ವಿದ್ಯುದ್ವಾಹಕವನ್ನಾಗಿ ಮಾಡುತ್ತವೆ. ಇದೇ ಅಯಾನುಗೋಳ. ಸೌರಮಾರುತ ಬರಿಗೈಯಲ್ಲಿ ಬರುವುದಿಲ್ಲ, ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆ ಕ್ಷೇತ್ರ ವಾಹಕದೊಳಗೆ ಸುಲಭವಾಗಿ ನುಗ್ಗಲಾರದು. ಅಯಾನುಗೋಳದಲ್ಲಿ ಪ್ರೇರಿತ ವಿದ್ಯುತ್ತು ಹರಿದು ಅದನ್ನು ಹೊರಗೇ ನಿಲ್ಲಿಸುತ್ತದೆ. ಹೊಳೆಯ ನಡುವಿನ ಕಲ್ಲಿಗೆ ಬಾಳೆನಾರು ಸಿಕ್ಕಿಕೊಂಡುದನ್ನು ನೋಡಿದ್ದೀರಾ? ನಡುಭಾಗ ಕಲ್ಲಿಗೆ ಒತ್ತಿಕೊಂಡಿರುತ್ತದೆ, ಎರಡು ತುದಿಗಳೂ ನೀರಿನೊಡನೆ ಹಿಂದಕ್ಕೆ ಚಾಚಿರುತ್ತವೆ. ಬಲರೇಖೆಗಳ ಪಾಡೂ ಅದೇ. ಹಗಲಿನ ಕಡೆ ಅವು ಒತ್ತೊತ್ತಾಗಿ ಸೇರಿ ಗೋಡೆಯಾಗುತ್ತವೆ, ಇರುಳಿನ ಕಡೆ ಉದ್ದನೆಯ ಬಾಲವಾಗುತ್ತವೆ. ಧೂಮಕೇತುಗಳ ವಿಷಯದಲ್ಲಿ ಸ್ವೀಡನ್ನಿನ ಹಾನೆಸ್ ಆಲ್ವೆನ್ 1957ರಲ್ಲೇ ಈ ಚಿತ್ರವನ್ನು ಕೊಟ್ಟಿದ್ದರು. ಉಪಗ್ರಹಗಳ ಯುಗ ಆರಂಭವಾದ ವರ್ಷವದು ಎಂಬುದನ್ನು ನೆನೆದರೆ ಅವರ ದೂರದೃಷ್ಟಿಗೆ ಬೆರಗಾಗಬೇಕು.

1978ರಿಂದ 1992ರವರೆಗೆ ಶುಕ್ರನನ್ನು ಸುತ್ತಿದ ಪಯೊನೀರ್ ವೀನಸ್ ನೌಕೆ ಈ ಗೋಡೆಯನ್ನೂ ಬಾಲವನ್ನೂ ಅಳೆಯಿತು. ಸೌರಮಾರುತದ ಕ್ಷೇತ್ರ ದಿಕ್ಕು ಬದಲಿಸಿದಾಗ ಶುಕ್ರನ ಬಾಲದ ಕ್ಷೇತ್ರವೂ ದಿಕ್ಕು ಬದಲಿಸುತ್ತದೆ. ಎರವಲು ಒಡವೆ ತಾನೆ!

ಈ ಕವಚ ಸೋರುತ್ತದೆ ಕೂಡ. 2006ರಿಂದ 2014ರವರೆಗೆ ಅಲ್ಲಿ ಕೆಲಸ ಮಾಡಿದ ಯೂರೋಪಿನ ವೀನಸ್ ಎಕ್ಸ್‌ಪ್ರೆಸ್, ಬಾಲದ ಮೂಲಕ ಹೊರಹೋಗುವ ಅಯಾನುಗಳನ್ನು ಎಣಿಸಿತು. ಒಂದು ಆಕ್ಸಿಜನ್ನಿಗೆ ಸುಮಾರು ಎರಡು ಹೈಡ್ರೊಜನ್, ನೀರಿನಲ್ಲಿರುವ ಲೆಕ್ಕವೇ.