ಅಮೆರಿಕದ ಹೂಡಿಕೆದಾರರಿಂದ ನವೋದ್ಯಮಗಳಿಗೆ ಬಂಡವಾಳ: ಕೊಪ್ಪಳ ಜಿಲ್ಲೆಯ ಉದ್ಯಮಿಗಳಿಗೆ ಮಾಹಿತಿ

ಪೀಠಿಕೆ:
ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು, ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳೊಂದಿಗೆ ರಚನೆಯಾಯಿತು. ಗಂಗಾವತಿಯ ಅಕ್ಕಿ ಗಿರಣಿಗಳು, ಕಿನ್ನಾಳದ ಗೊಂಬೆ ತಯಾರಿಕೆ ಮತ್ತು ಬೀಜೋತ್ಪಾದನೆಗೆ ಜಿಲ್ಲೆಯು ಹೆಸರಾಗಿದೆ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು ಅಮೆರಿಕದ ಆಕ್ಸೆಲ್ ಮತ್ತು ಟೈಗರ್ ಗ್ಲೋಬಲ್ ಸಂಸ್ಥೆಗಳ ಬಂಡವಾಳದಿಂದ ಬೆಳೆದು, 2018ರಲ್ಲಿ ಅದರ ಬಹುಪಾಲು ಷೇರುಗಳನ್ನು ವಾಲ್‌ಮಾರ್ಟ್ ಖರೀದಿಸಿತು. ಇಂತಹ ಬಂಡವಾಳ ಪಡೆಯಲು ಅನುಸರಿಸಬೇಕಾದ ಕ್ರಮಗಳು ಈ ಕೆಳಗಿನಂತಿವೆ.

1. ಸಂಸ್ಥೆಯ ಸ್ವರೂಪ:
ಏಕವ್ಯಕ್ತಿ ಮಾಲೀಕತ್ವದ ಅಥವಾ ಪಾಲುದಾರಿಕೆಯ ಉದ್ದಿಮೆಯು ಅಮೆರಿಕದ ಹೂಡಿಕೆ ನಿಧಿಗೆ ಷೇರು ನೀಡಲು ಬರುವುದಿಲ್ಲ. ಮೊದಲು ಅದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಾಯಿಸಿಕೊಳ್ಳತಕ್ಕದ್ದು. ಇದಕ್ಕಾಗಿ ಅಮೆರಿಕದಲ್ಲಿ ಕಂಪನಿ ತೆರೆಯುವುದು ಕಡ್ಡಾಯವಲ್ಲ. ತೆರೆದಲ್ಲಿ 2022ರ ಸಾಗರೋತ್ತರ ಹೂಡಿಕೆ ನಿಯಮಗಳು ಅನ್ವಯಿಸುತ್ತವೆ.

2. ಅನುಮತಿ ಇರುವ ಕ್ಷೇತ್ರಗಳು:
ಆಹಾರ ಸಂಸ್ಕರಣೆ, ಆಟಿಕೆ ತಯಾರಿಕೆ, ತಂತ್ರಾಂಶ ಹಾಗೂ ಬೀಜಾಭಿವೃದ್ಧಿಯಲ್ಲಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ಶೇ. 100ರವರೆಗೆ ವಿದೇಶಿ ಹೂಡಿಕೆಗೆ ಅವಕಾಶವಿದೆ. ಭತ್ತದ ಸಾಗುವಳಿಯಂತಹ ಸಾಮಾನ್ಯ ಬೇಸಾಯಕ್ಕೆ, ಚೀಟಿ ವ್ಯವಹಾರಕ್ಕೆ ಅವಕಾಶವಿಲ್ಲ.

3. ಪತ್ರಗಳ ಆಯ್ಕೆ:
ಅಮೆರಿಕದಲ್ಲಿ ಬಳಕೆಯಲ್ಲಿರುವ ‘ಸೇಫ್’ ಒಪ್ಪಂದಕ್ಕೆ ಭಾರತದ ನಿಯಮಗಳಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅದರ ಬದಲು ಕಡ್ಡಾಯವಾಗಿ ಪರಿವರ್ತನೆಗೊಳ್ಳುವ ಆದ್ಯತಾ ಷೇರುಗಳನ್ನು ನೀಡಬಹುದು. ಕೇಂದ್ರದ ಮಾನ್ಯತೆ ಪಡೆದ ನವೋದ್ಯಮ ಕಂಪನಿಯು ಪರಿವರ್ತನೀಯ ನೋಟನ್ನೂ ನೀಡಬಹುದು. ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ರೂಪಾಯಿ ಬರತಕ್ಕದ್ದು.

4. ಬೆಲೆ ಮತ್ತು ಗಡುವು:
ಅ) ಷೇರಿನ ಬೆಲೆಯು ಚಾರ್ಟರ್ಡ್ ಅಕೌಂಟೆಂಟ್ ಮೊದಲಾದ ಅರ್ಹರು ಪ್ರಮಾಣೀಕರಿಸಿದ ಮೌಲ್ಯಕ್ಕಿಂತ ಕಡಿಮೆ ಇರಬಾರದು.
ಆ) ಹಣ ಬ್ಯಾಂಕ್ ಮೂಲಕ ಬಂದ 60 ದಿನಗಳೊಳಗೆ ಷೇರು ಹಂಚಿಕೆ ಮಾಡತಕ್ಕದ್ದು; ತಪ್ಪಿದಲ್ಲಿ ಮುಂದಿನ 15 ದಿನಗಳಲ್ಲಿ ಹಣ ಹಿಂದಿರುಗಿಸತಕ್ಕದ್ದು.
ಇ) ಹಂಚಿಕೆಯಾದ 30 ದಿನಗಳೊಳಗೆ ಎಫ್‌ಸಿ-ಜಿಪಿಆರ್ ನಮೂನೆಯನ್ನು ಭಾರತೀಯ ರಿಸರ್ವ್ ಬ್ಯಾಂಕಿನ ಫರ್ಮ್ಸ್ ಜಾಲತಾಣದಲ್ಲಿ ಸಲ್ಲಿಸತಕ್ಕದ್ದು. ವಿಳಂಬಕ್ಕೆ ಶುಲ್ಕ ವಿಧಿಸಲಾಗುತ್ತದೆ.
ಈ) ಪ್ರತಿ ವರ್ಷ ಜುಲೈ 15ರೊಳಗೆ ವಿದೇಶಿ ಹೊಣೆ ಮತ್ತು ಆಸ್ತಿಗಳ ವಿವರಪಟ್ಟಿ ಸಲ್ಲಿಸತಕ್ಕದ್ದು.

5. ತೆರಿಗೆ:
ಷೇರಿನ ಹೆಚ್ಚುವರಿ ಬೆಲೆಯ ಮೇಲೆ ವಿಧಿಸಲಾಗುತ್ತಿದ್ದ ‘ಏಂಜಲ್ ತೆರಿಗೆ’ಯನ್ನು 2024ರ ಆಯವ್ಯಯದಲ್ಲಿ ರದ್ದುಪಡಿಸಲಾಗಿದೆ.

ವಿಶೇಷ ಸೂಚನೆ:
ಹೂಡಿಕೆಯ ಹಣವನ್ನು ಮಾಲೀಕರ ಸ್ವಂತ ಖಾತೆಗೆ ಪಡೆಯಬಾರದು. ಷೇರು ನೀಡಿದಷ್ಟೂ ಸ್ಥಾಪಕರ ಪಾಲು ಕಡಿಮೆಯಾಗುವುದರಿಂದ, ನಿರ್ದೇಶಕರ ನೇಮಕ ಹಾಗೂ ಷೇರು ಮಾರಾಟ ಕುರಿತ ಷರತ್ತುಗಳನ್ನು ಕಂಪನಿ ಕಾರ್ಯದರ್ಶಿ ಅಥವಾ ವಕೀಲರಿಂದ ಓದಿಸಿ ಅರ್ಥಮಾಡಿಕೊಂಡ ನಂತರವೇ ಸಹಿ ಮಾಡುವುದು ಸೂಕ್ತ.