ಕಾವೇರಿಯ ಡುಬ್ಬದ ಮೀನು

ಒಮಾನಿನಲ್ಲಿರುವ ನಮಗೆಲ್ಲ ಓರಿಕ್ಸ್ ಕಥೆ ಗೊತ್ತು. 1972ರಲ್ಲಿ ಇಲ್ಲಿನ ಮರುಭೂಮಿಯಿಂದ ಅಳಿದುಹೋದ ಆ ಬಿಳಿ ಹುಲ್ಲೆಯನ್ನು 1982ರಲ್ಲಿ ಜಿದ್ದತ್ ಅಲ್ ಹರಾಸಿಸ್ ಬಯಲಿಗೆ ಮರಳಿ ಬಿಟ್ಟರು. ಮುಂದೆ ಕಳ್ಳಬೇಟೆ ಕಾಡಿತು, ನಿಜ. ಆದರೂ ಮರಳಿ ತಂದದ್ದು ಕಳೆದುಕೊಂಡ ಪ್ರಾಣಿಯನ್ನೇ. ನಮ್ಮ ಕಾವೇರಿಯಲ್ಲಿ ಹಾಗಾಗಲಿಲ್ಲ.

ಕಾವೇರಿ ಕೊಳ್ಳಕ್ಕೇ ಸೇರಿದ, ಬೆನ್ನ ಮೇಲೆ ಡುಬ್ಬವಿರುವ ಮಹಶೀರ್ ಮೀನೊಂದಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಣೆಕಟ್ಟು, ಸಿಡಿಮದ್ದಿನ ಬೇಟೆಗಳಿಂದ ಮಹಶೀರ್ ಕಡಿಮೆಯಾಗುತ್ತಿದ್ದಾಗ, 1970ರ ದಶಕದಿಂದೀಚೆಗೆ ಲೋನಾವಳದ ಟಾಟಾ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ತಂದು ಹೊಳೆಗೆ ಬಿಡಲಾಯಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಅವು ನೀಲಿ ರೆಕ್ಕೆಯ ಬೇರೆ ಜಾತಿ, ಟಾರ್ ಖುದ್ರೀ. ನೆಂಟ ಬೆಳೆದ, ಮನೆಯವನು ಸೊರಗಿದ.

ಡುಬ್ಬದ ಮೀನಿಗೆ ಆಗ ಸರಿಯಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಅದು ಟಾರ್ ರೆಮಾದೇವಿಐ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಹೆಸರೇ ತಿಳಿಯದವರನ್ನು ಮನೆಗೆ ಮರಳಿ ಕರೆಯುವುದು ಹೇಗೆ? ಉಪನದಿ ಮೋಯಾರಿನಲ್ಲಿ ಅದಿನ್ನೂ ಉಳಿದಿದೆ. ಕಾವೇರಿಗೆ ಮತ್ತೆ ಮೀನು ತರುವುದಾದರೆ, ಈ ಸಲ ಅದನ್ನೇ ತರಬೇಕು.