ಮಿತ್ರರ ನೆಲದಲ್ಲಿ ಕಟ್ಟಿದ ಹಡಗು

ಒಂದು ರಾಷ್ಟ್ರವು ತನ್ನ ಸಮರನೌಕೆಗಳನ್ನು ಮಿತ್ರರಾಷ್ಟ್ರದ ನೆಲದಲ್ಲಿ ಕಟ್ಟಿಸಬಹುದೇ? ಅಮೆರಿಕದ ಕಾನೂನು ಇದಕ್ಕೆ ತಡೆಯೊಡ್ಡಿದೆ. ದಕ್ಷಿಣ ಕೊರಿಯಾ, ಜಪಾನ್‌ಗಳ ನೆರವು ಪಡೆಯಲು ಆ ತಡೆಯನ್ನು ಸಡಿಲಿಸಬೇಕೆಂಬ ಚರ್ಚೆ ಈಗ ಅಲ್ಲಿ ನಡೆದಿದೆ. ಸೊರಬ ತಾಲೂಕಿನ ಗುಡವಿಯಂತಹ ಮಲೆನಾಡಿನ ಊರಿನವರಿಗೆ ಇದು ದೂರದ ಮಾತೆನಿಸಬಹುದು. ಆದರೆ ನಮ್ಮದೇ ಸೀಮೆಯ ಅರಸರು ಈ ಪ್ರಶ್ನೆಯನ್ನು ಎದುರಿಸಿದ್ದರು.

1763ರಲ್ಲಿ ಹೈದರ್ ಅಲಿಯವರು ಬಿದನೂರನ್ನು ಗೆದ್ದಾಗ, ಕೆಳದಿ ಅರಸರ ಮಲೆನಾಡಿನೊಂದಿಗೆ ಮಂಗಳೂರು, ಹೊನ್ನಾವರ ಬಂದರುಗಳೂ ಅವರ ವಶಕ್ಕೆ ಬಂದವು. ಹಡಗುಗಳನ್ನು ಅವರು ಕರಾವಳಿಯಲ್ಲೇ ಕಟ್ಟಿಸಿದರು. ಆದರೆ ಅವುಗಳ ಮೇಲೆ ಯೂರೋಪಿಯನ್ ಅಧಿಕಾರಿಗಳಿದ್ದರು. 1768ರಲ್ಲಿ ಯುದ್ಧದ ನಡುವೆಯೇ ನೌಕಾದಳದ ಒಂದು ಭಾಗವು ಇಂಗ್ಲಿಷರ ಪಕ್ಷ ಸೇರಿತು. ಮತ್ತೆ ಕಟ್ಟಿಸಿದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ನಾಶಪಡಿಸಿದನು.

ಟಿಪ್ಪು ಸುಲ್ತಾನರು ತಂದೆಯ ಈ ಅನುಭವವನ್ನು ಕಂಡವರು. 1786ರಲ್ಲಿ ಗುಲಾಮ್ ಅಲಿ ಖಾನರ ನೇತೃತ್ವದ ನಿಯೋಗವು ಗೋಕರ್ಣದ ಸಮೀಪದ ತದಡಿಯಿಂದ ಹಡಗೇರಿ, ಮಸ್ಕತ್ ಮತ್ತು ಬಸ್ರಾ ಮಾರ್ಗವಾಗಿ ಇಸ್ತಾಂಬುಲ್‌ಗೆ ತೆರಳಿತು. ಬಸ್ರಾ ಬಂದರನ್ನು ಗುತ್ತಿಗೆಗೆ ಕೊಡಿ, ಬದಲಿಗೆ ಮಂಗಳೂರನ್ನು ಪಡೆಯಿರಿ, ಕುಶಲಕರ್ಮಿಗಳನ್ನು ಕಳುಹಿಸಿ ಎಂಬುದು ಉಸ್ಮಾನಿ ಸುಲ್ತಾನರ ಮುಂದಿಟ್ಟ ಬೇಡಿಕೆಗಳಲ್ಲಿ ಕೆಲವು. ಬಂದರು ಸಿಗಲಿಲ್ಲ. ನಿಯೋಗದಲ್ಲಿದ್ದ ನೂರಾರು ಜನರಲ್ಲಿ ಬಹುಪಾಲು ಮಂದಿ ಮರಳಿ ತಾಯ್ನೆಲವನ್ನು ಕಾಣಲಿಲ್ಲ. ಫ್ರಾನ್ಸಿಗೆ ಹೋದ ನಿಯೋಗವೂ ಕುಶಲಕರ್ಮಿಗಳನ್ನು ಕೇಳಿತು. ಪರರಿಂದ ಕಲಿಯುವುದರಲ್ಲಿ ಸಂಕೋಚವಿರಲಿಲ್ಲ. ಹ. ಉಸ್ಮಾನ್(ರ)ರ ಕಾಲದ ಪ್ರಥಮ ಮುಸ್ಲಿಮ್ ನೌಕಾಪಡೆಯ ನಿರ್ಮಾಣದಲ್ಲಿಯೂ ಈಜಿಪ್ಟಿನ ಕ್ರೈಸ್ತ ಕುಶಲಕರ್ಮಿಗಳ ಪಾಲು ದೊಡ್ಡದಿತ್ತಲ್ಲವೇ!

1796ರ ಹುಕುಂನಾಮೆಯಲ್ಲಿ ಸುಲ್ತಾನರ ನಿರ್ಧಾರ ಸ್ಪಷ್ಟವಾಗಿದೆ: 20 ದೊಡ್ಡ ಸಮರನೌಕೆಗಳು ಮತ್ತು 20 ಫ್ರಿಗೇಟ್‌ಗಳು. ಅವುಗಳನ್ನು ಕಟ್ಟಬೇಕಾದ ಸ್ಥಳಗಳು ಮಂಗಳೂರು, ಮಿರ್ಜಾನದ ಬಳಿಯ ವಾಜಿದಾಬಾದ್ ಮತ್ತು ಮಜೀದಾಬಾದ್, ಅಂದರೆ ಕಾರವಾರದ ಸದಾಶಿವಗಡ. ಮೂರೂ ಸ್ವಂತ ನೆಲ. ಆದರೆ ಕಾಲ ಮೀರಿತ್ತು. ಮೂರೇ ವರ್ಷಗಳಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಸ್ವಾವಲಂಬನೆಯ ಈ ತೀರ್ಮಾನವನ್ನು ನಾವು ಮೆಚ್ಚುತ್ತೇವೆ. ಅದು ಹತ್ತು ವರ್ಷ ಮೊದಲೇ ಆಗಬೇಕಿತ್ತು ಎಂಬುದನ್ನೂ ಒಪ್ಪಬೇಕಾಗುತ್ತದೆ.

ಅದೇ ಕಾರವಾರ ಇಂದು ಭಾರತೀಯ ನೌಕಾಪಡೆಯ ದೊಡ್ಡ ನೆಲೆ. ರಷ್ಯದಲ್ಲಿ ನವೀಕರಿಸಲ್ಪಟ್ಟ ವಿಮಾನವಾಹಕ ವಿಕ್ರಮಾದಿತ್ಯ 2014ರ ಜನವರಿಯಲ್ಲಿ ಅಲ್ಲಿಗೆ ಬಂದಿತು. ತಡವಾಗಿಯೂ ಬಂದಿತು, ಮೊದಲ ಒಪ್ಪಂದದ ಎರಡು ಪಟ್ಟಿಗೂ ಮಿಕ್ಕ ಬೆಲೆಗೂ ಬಂದಿತು. ಅನಂತರ ರಷ್ಯದ ಕಲಿನಿನ್‌ಗ್ರಾದ್‌ನಲ್ಲಿ ಕಟ್ಟಿದ ತುಶಿಲ್ 2024ರ ಡಿಸೆಂಬರಿನಲ್ಲಿ, ತಮಾಲ್ 2025ರ ಜುಲೈಯಲ್ಲಿ ಸೇವೆಗೆ ಸೇರಿದವು. ಇವುಗಳ ಇಂಜಿನ್‌ಗಳು ಉಕ್ರೇನಿನವು! ಪರಸ್ಪರ ಕಾದಾಡುತ್ತಿರುವ ಎರಡು ದೇಶಗಳ ಕೈಯಿಂದ ಒಂದು ಹಡಗನ್ನು ಪಡೆಯಲು ಭಾರತವು ತಾನೇ ಇಂಜಿನ್‌ಗಳನ್ನು ಕೊಂಡು ರಷ್ಯಕ್ಕೆ ಒಪ್ಪಿಸಬೇಕಾಯಿತು. ತಮಾಲ್ ವಿದೇಶದಲ್ಲಿ ಕಟ್ಟಿಸಿದ ಕೊನೆಯ ಸಮರನೌಕೆಯೆಂದು ನೌಕಾಪಡೆ ಹೇಳಿದೆ. ಅದೇ ಮಾದರಿಯ ಇನ್ನೆರಡು ಹಡಗುಗಳ ನಿರ್ಮಾಣವನ್ನು ಗೋವಾದಲ್ಲಿ ಕೈಗೊಳ್ಳಲಾಗಿದೆ. ಅವುಗಳ ಇಂಜಿನ್‌ಗಳೂ ಉಕ್ರೇನಿನವೇ.